ಬೀಗದಣ್ಣನ ಬಾಯಿಗೆ ಖಾರ

ಬೀಗದಣ್ಣನಿಗೆ ಮೂಗು ಕೈಕೊಟ್ಟಿದೆ ಎಂದು ಅವನ ಹೆಂಡತಿಗೆ ಗೊತ್ತಾದದ್ದು, ಅವನು ಅವಳ ಅಡುಗೆಯನ್ನು ಹೊಗಳತೊಡಗಿದಾಗ.

ಮೂರು ರಸ್ತೆ ಸೇರುವಲ್ಲಿ, ಔಷಧದ ಅಂಗಡಿಗೆ ಅಂಟಿಕೊಂಡು, ಒಂದು ಬಾಗಿಲಿನಷ್ಟೇ ಅಗಲದ ಗೂಡಂಗಡಿ ಅವನದು. ಬೀಗ ರಿಪೇರಿ ಮಾಡುತ್ತಿದ್ದ, ಕೀಲಿ ಕೊರೆಯುತ್ತಿದ್ದ, ಕೀಲಿ ಕಳೆದುಕೊಂಡು ಬೀದಿಯಲ್ಲಿ ನಿಂತವರ ಮನೆಗೆ ಹೋಗಿ ಬಾಗಿಲು ತೆಗೆದುಕೊಡುತ್ತಿದ್ದ. ಅವನ ಹೆಂಡತಿ ಬಟ್ಟೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಾ ನೂರಾ ಎಂಬತ್ತು ಜನರಿಗೆ ಮಧ್ಯಾಹ್ನದ ಊಟ ಬೇಯಿಸುವವಳು. ಕಾರ್ಖಾನೆಯವರ ಬಾಯಲ್ಲಿ ಅವಳು ಕ್ಯಾಂಟೀನಕ್ಕ. ಬರುಬರುತ್ತಾ ಬೀದಿಗೂ ಅದೇ ಹೆಸರು ರೂಢಿಯಾಗಿತ್ತು. ಇವರಿಬ್ಬರಿಗೂ ಒಬ್ಬಳೇ ಮಗಳು. ಹಲ್ಲಿನ ಡಾಕ್ಟರ ಬಳಿ, ನೋವಿನಿಂದ ಕೆನ್ನೆ ಹಿಡಿದುಕೊಂಡು ಬಂದವರಿಗೆ ಚೀಟಿ ಬರೆದುಕೊಟ್ಟು ಕೂರಿಸುವ ಕೆಲಸ ಅವಳದು.

ಕ್ಯಾಂಟೀನಕ್ಕನ ಕೈರುಚಿಗೆ ನೂರಾ ಎಂಬತ್ತು ಜನ ತಲೆದೂಗಿದರೂ ಅವಳು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳ ನಿಜವಾದ ಪರೀಕ್ಷೆ ಸಂಜೆ ಏಳೂವರೆಗೆ, ಮನೆಯ ಊಟದ ಮೇಜಿನಲ್ಲಿ. ಬೀಗದಣ್ಣ ಮೊದಲ ತುತ್ತು ಬಾಯಿಗಿಟ್ಟು, ಬೀಗದ ಹೊಟ್ಟೆಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಕಿವಿಗೊಟ್ಟು ಕೇಳುವವನ ಹಾಗೆ ಕಣ್ಣು ಮುಚ್ಚುತ್ತಿದ್ದ. ಆಮೇಲೆ ತೀರ್ಪು. "ಜೀರಿಗೆ ಒಂದು ಗಳಿಗೆ ಜಾಸ್ತಿ ಹುರಿದಿದ್ದೀಯ." "ಎಣ್ಣೆ ಬೇರೆ ಅಂಗಡೀದು, ಅಲ್ವಾ?" ಎಲ್ಲ ಸರಿಯಾಗಿದ್ದ ದಿನ ಏನೂ ಹೇಳದೆ ಎರಡನೇ ಸಲ ತಟ್ಟೆ ಚಾಚುತ್ತಿದ್ದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಬಿರುದನ್ನು ಅವನು ಕೊಟ್ಟವನಲ್ಲ, ಅವಳು ಕೇಳಿದವಳಲ್ಲ.

ಚಳಿಗಾಲದ ಆರಂಭದಲ್ಲಿ ಅವನಿಗೆ ಜ್ವರ ಬಂತು. ನೆಗಡಿ, ಕೆಮ್ಮು, ಹತ್ತು ದಿನ ಹಾಸಿಗೆ. ಎದ್ದ ಮೇಲೆ ಮೊದಲ ದಿನದ ಊಟಕ್ಕೇ ಹೇಳಿದ, "ಬಹಳ ಚೆನ್ನಾಗಿದೆ." ಕಾಯಿಲೆ ಬಿದ್ದು ಎದ್ದವನಲ್ಲವೇ, ಹಸಿವಿಗೆ ರುಚಿಯಾಗಿರಬೇಕು ಎಂದುಕೊಂಡಳು. ಮಾರನೆಯ ದಿನ, "ಆಹಾ, ಏನು ಅಡುಗೆ!" ಮೂರನೆಯ ದಿನ, "ನಿನ್ನ ಕೈಗೆ ಬಂಗಾರದ ಬಳೆ ಹಾಕಿಸಬೇಕು." ವಾರ ಕಳೆಯುವಷ್ಟರಲ್ಲಿ ಅವಳಿಗೆ ಅನುಮಾನ ಗಟ್ಟಿಯಾಯಿತು.

"ಅಪ್ಪ ಏನೋ ತಪ್ಪು ಮಾಡಿದಾರೆ ಕಣೇ," ಎಂದಳು ಮಗಳ ಹತ್ತಿರ. "ಇಲ್ಲದಿದ್ರೆ ಈ ಮನುಷ್ಯನ ಬಾಯಲ್ಲಿ ಹೊಗಳಿಕೆ?"

"ನೀನೊಳ್ಳೆ! ಬೈದ್ರೂ ಕಷ್ಟ, ಹೊಗಳಿದ್ರೂ ಕಷ್ಟ," ಎಂದಳು ಮಗಳು.

ಆದರೂ ಕ್ಯಾಂಟೀನಕ್ಕ ಒಂದು ಪರೀಕ್ಷೆ ಮಾಡಿಯೇಬಿಟ್ಟಳು. ಹುರುಳಿಕಾಯಿಯನ್ನು ಬರೀ ನೀರಲ್ಲಿ ಬೇಯಿಸಿ, ಉಪ್ಪು ಹಾಕಿ, ಬೇರೇನನ್ನೂ ಮುಟ್ಟಿಸದೆ ತಂದಿಟ್ಟಳು. ಬೀಗದಣ್ಣ ತಿಂದ. ಕಣ್ಣು ಮುಚ್ಚಿದ. "ಬೆಳ್ಳುಳ್ಳಿ ಘಮ ಇದೆಯಲ್ಲಾ," ಎಂದ, "ಅದಕ್ಕೆ ಸಮ ಇಲ್ಲ."

ಅವಳು ಸೌಟನ್ನು ಮೇಜಿನ ಮೇಲಿಟ್ಟಳು. "ರೀ, ಇದರಲ್ಲಿ ಬೆಳ್ಳುಳ್ಳಿ ಹಾಕೇ ಇಲ್ಲ."

ಅವನು ತುತ್ತು ನುಂಗಿ ತಟ್ಟೆಯನ್ನೇ ನೋಡುತ್ತಾ ಕುಳಿತ. ಊರಿನ ಬೀಗಗಳನ್ನೆಲ್ಲ ತೆರೆಯುವವನು ಸ್ವಂತ ಬಾಯಿಗೆ ಹಾಕಿಕೊಂಡ ಬೀಗ ತೆಗೆಯಲು ಬಹಳ ಹೊತ್ತು ತೆಗೆದುಕೊಂಡ.

"ಜ್ವರ ಬಿಟ್ಟಾಗಿಂದ ಏನೂ ಗೊತ್ತಾಗ್ತಾ ಇಲ್ಲ," ಎಂದ. "ಕಾಗದ ಅಗಿದ ಹಾಗೆ. ನಿನಗೆ ಬೇಜಾರಾಗುತ್ತೆ ಅಂತ..."

"ಅದಕ್ಕೆ ಸುಳ್ಳು ಹೊಗಳಿಕೆಯಾ?"

"ನಿಜವಾಗಿ ಹೊಗಳಿ ಅಭ್ಯಾಸ ಇದ್ದಿದ್ರೆ ತಾನೇ ಸುಳ್ಳು ಹೊಗಳೋಕೂ ಬರೋದು."

ಮಗಳು ನಗು ತಡೆಯಲಾರದೆ ಎದ್ದು ಹೋದಳು. ಕ್ಯಾಂಟೀನಕ್ಕ ನಗಲಿಲ್ಲ.

ಮೂಗು, ಕಿವಿ, ಗಂಟಲು ನೋಡುವ ಡಾಕ್ಟರಮ್ಮ ಮೂಗಿಗೆ ದೀಪ ಹಿಡಿದು ನೋಡಿ, ನೇರವಾಗಿ ಹೇಳಿದರು. ವಾಸನೆ ಹಿಡಿಯುವ ನರಗಳಿಗೆ ಪೆಟ್ಟಾಗಿದೆ. ಊಟದ ರುಚಿಯಲ್ಲಿ ಮುಕ್ಕಾಲು ಪಾಲು ಮೂಗಿನದೇ. ಉಪ್ಪು, ಹುಳಿ, ಸಿಹಿ ನಾಲಿಗೆಗೆ ತಿಳಿಯುತ್ತದೆ, ಅಷ್ಟೇ. ವಾಸನೆ ಆರು ತಿಂಗಳಿಗೋ ವರ್ಷಕ್ಕೋ ಮರಳಿ ಬರಬಹುದು, ಬರದೆಯೂ ಇರಬಹುದು. ದಿನಾ ಎರಡು ಹೊತ್ತು ಲವಂಗ, ನಿಂಬೆಸಿಪ್ಪೆ ಮೂಸಿ ನೋಡುತ್ತಿರಬೇಕು.

"ಡಾಕ್ಟರೇ, ಇವರಿಗೆ ಏನು ತಿಂದ್ರೆ ಗೊತ್ತಾಗುತ್ತೆ, ಅದನ್ನ ಹೇಳಿ," ಎಂದು ಕೇಳಿದಳು ಕ್ಯಾಂಟೀನಕ್ಕ.

ಡಾಕ್ಟರಮ್ಮ ಸ್ವಲ್ಪ ಯೋಚಿಸಿದರು. "ಖಾರ ಗೊತ್ತಾಗುತ್ತೆ. ಖಾರ ಅನ್ನೋದು ರುಚಿ ಅಲ್ಲಮ್ಮ, ಉರಿ. ಅದರ ನರ ಬೇರೆ, ಅದಕ್ಕೇನೂ ಆಗಿಲ್ಲ."

ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡವಳ ಹಾಗೆ ಮನೆಗೆ ತಂದಳು. ಅಂದಿನಿಂದ ಮಾರುಕಟ್ಟೆಯ ಮೆಣಸಿನಕಾಯಿಗಳ ಜೊತೆ ಅವಳ ಯುದ್ಧ ಶುರುವಾಯಿತು. ಒಂದು ಕಾಯಿ ಖಾರ ಇದ್ದರೆ ಅದರ ಪಕ್ಕದ್ದು ಹುಲ್ಲು. ಇವತ್ತಿನದು ಬಾಯಿ ಸುಟ್ಟರೆ ನಾಳೆಯದು ಸೌತೆಕಾಯಿಗೆ ನೆಂಟ. ತರಕಾರಿಯವಳ ಗಾಡಿಯ ಮುಂದೆ ನಿಂತು ಒಂದು ದಿನ ಇದನ್ನೇ ಹೇಳಿ ಜಗಳ ತೆಗೆದಳು. ತರಕಾರಿಯವಳು ಬೇರೆ ಗಿರಾಕಿಗಳೆಲ್ಲ ಹೋಗುವ ತನಕ ಕಾದು, ಗಾಡಿಯ ಕೆಳಗಿನ ಡಬ್ಬಿಯಿಂದ ಒಂದು ಒಣ ಮೆಣಸಿನಕಾಯಿ ತೆಗೆದಳು. ಕಿರುಬೆರಳಿನ ಉಗುರಿಗಿಂತ ತುಸು ಉದ್ದ, ಕಡುಗೆಂಪು.

"ಇದು ಮಾರೋಕಲ್ಲ, ನಮ್ಮನೆಗೆ ಅಂತ ಬೆಳ್ಕೊಳ್ಳೋದು. ತಿನ್ಬೇಡಕ್ಕ, ಬೀಜ ಹಾಕು. ಮಣ್ಣು ಬೆಚ್ಚಗಿರ್ಲಿ. ನೀರು ಮಾತ್ರ ಕಣ್ಣೀರು ಹಾಕಿದಷ್ಟು, ಅದಕ್ಕಿಂತ ಜಾಸ್ತಿ ಬೇಡ."

"ನಾನು ಅಡುಗೆ ಮಾಡೋಳು ಕಣಮ್ಮ, ಬೆಳೆಯೋಳಲ್ಲ."

"ಮಕ್ಕಳನ್ನ ಬೆಳೆಸೋಕೆ ಮುಂಚೆ ಯಾರಾದ್ರೂ ಕಲ್ತ್ಕೊಂಡು ಬಂದಿರ್ತಾರಾ?" ಎಂದಳು ತರಕಾರಿಯವಳು, ಮೂಲಂಗಿಯ ಮೇಲೆ ನೀರು ಚಿಮುಕಿಸುತ್ತಾ.

ಆ ಭಾನುವಾರ ಬೀಗದಣ್ಣನೇ ಕಾಯಿ ಸೀಳಿದ. ಬೀಗದೊಳಗೆ ತೂರಿಸುವ ಸಣ್ಣ ಕೊಕ್ಕೆಯಿಂದ ಒಂದೊಂದೇ ಬೀಜವನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟ. ಮೂವತ್ತೊಂದು ಬೀಜ. ಮುಗಿಸಿದ ತೃಪ್ತಿಯಲ್ಲಿ ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ಮುಂದಿನ ಅರ್ಧ ಗಂಟೆ ಅವನ ತಲೆ ನಲ್ಲಿಯ ಕೆಳಗೇ ಇತ್ತು.

"ಖಾರ ಇದೆ, ಖಾರ ಇದೆ!" ಎಂದು ಬಚ್ಚಲಿನಿಂದಲೇ ಕೂಗುತ್ತಿದ್ದ. ಕಣ್ಣು ಟೊಮೇಟೊ ಆಗಿತ್ತು. ದನಿಯಲ್ಲಿ ಮಾತ್ರ ಎಷ್ಟೋ ದಿನಗಳಿಂದ ಇಲ್ಲದ ಗೆಲುವಿತ್ತು. ಹೊರಗೆ ಟವೆಲ್ ಹಿಡಿದು ನಿಂತಿದ್ದ ಹೆಂಡತಿ ಆ ದನಿ ಕೇಳಿದಳು, ಟವೆಲಿನ ತುದಿಯಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಹಿತ್ತಲು ಎಂದರೆ ಅಡುಗೆಮನೆಯ ಗೋಡೆಗೂ ಪಕ್ಕದ ಮನೆಯ ಗೋಡೆಗೂ ನಡುವೆ ಎರಡು ಮಾರು ಅಗಲದ ಜಾಗ. ಅಲ್ಲಿ ಒಗೆಯುವ ಕಲ್ಲು, ಹಳೆಯ ಸೈಕಲ್, ಮೂರು ಮೆಟ್ಟಿಲು. ಬಿಸಿಲು ಬೀಳುವ ಮೂಲೆಯಲ್ಲಿ ತಗಡಿನ ಡಬ್ಬಕ್ಕೆ ತೂತು ಕೊರೆದು, ಮರಳು ಬೆರೆಸಿದ ಮಣ್ಣು ತುಂಬಿ, ಅರ್ಧದಷ್ಟು ಬೀಜ ಹಾಕಿದರು. ಹನ್ನೊಂದನೆಯ ದಿನ ಬಾಗಿದ ಬೆನ್ನಿನ ಮೊಳಕೆಗಳು ಮಣ್ಣು ನೂಕಿ ಎದ್ದವು. "ಬೆಳೆಯುವ ಸಿರಿ ಮೊಳಕೆಯಲ್ಲಿ," ಎಂದು ಬೀಗದಣ್ಣ ಗತ್ತಿನಿಂದ ಹೇಳಿದ. ಹದಿನೇಳನೆಯ ದಿನ ಅಷ್ಟೂ ಸಸಿಗಳು ಬುಡದಲ್ಲಿ ದಾರದ ಹಾಗೆ ಸೊರಗಿ ಮಗುಚಿಕೊಂಡವು.

ತನಿಖೆ ನಡೆಯಿತು. ಬೀಗದಣ್ಣ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ನೀರು ಹಾಕುತ್ತಿದ್ದ. ಅವನು ಮರೆತಿರುತ್ತಾನೆಂದು ಹೆಂಡತಿ ಕಾರ್ಖಾನೆಗೆ ಹೊರಡುವಾಗ ಹಾಕುತ್ತಿದ್ದಳು. ಇವರಿಬ್ಬರಿಗೂ ಕೆಲಸದ ಗಡಿಬಿಡಿ, ಪಾಪ, ಎಂದು ಮಗಳು ಸಂಜೆ ಬಂದು ಒಂದು ಲೋಟ ಸುರಿಯುತ್ತಿದ್ದಳು.

"ಮೂರು ಜನ ಸೇರಿ ಪ್ರೀತಿ ಮಾಡಿ ಕೊಂದ್ವಿ," ಎಂದಳು ಮಗಳು.

ಬೀಗದಣ್ಣನಿಗೆ ಅದು ತಮಾಷೆ ಎನಿಸಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಸತ್ತ ಸಸಿಯೊಂದನ್ನು ಬೆರಳಿನಲ್ಲಿ ಹೊರಳಿಸುತ್ತಿದ್ದ. ಲವಂಗ, ನಿಂಬೆಸಿಪ್ಪೆ ಮೂಸುವುದನ್ನು ಅವನು ಆಗಲೇ ಬಿಟ್ಟುಬಿಟ್ಟಿದ್ದ; ಗೋಡೆಗೆ ಮೂಗು ಒತ್ತಿ ನಿಂತ ಹಾಗಾಗುತ್ತದೆ ಎನ್ನುತ್ತಿದ್ದ. ಹೆಂಡತಿ ಕಾಫಿ ಲೋಟ ತಂದು ಪಕ್ಕದಲ್ಲಿ ಕುಳಿತಳು.

"ಒಂದು ಹೇಳ್ಲಾ?" ಎಂದ ಅವನು. "ಊಟದ್ದು ಬಿಡು, ಹೊಟ್ಟೆ ಹೇಗೋ ತುಂಬುತ್ತೆ. ನೀನು ಕ್ಯಾಂಟೀನಿಂದ ಬಂದ ತಕ್ಷಣ ಆ ಈರುಳ್ಳಿ, ಹಬೆ, ಸೋಪಿನ ವಾಸನೆ ಬರ್ತಿತ್ತು ನೋಡು. ನೀನು ಬಂದೆ ಅಂತ ತಿರುಗಿ ನೋಡದೇನೇ ಗೊತ್ತಾಗೋದು. ಈಗ ನೀನು ಪಕ್ಕದಲ್ಲೇ ಕೂತಿದ್ರೂ ಮನೇಲಿ ಯಾರೂ ಇಲ್ಲ ಅನ್ಸುತ್ತೆ ಕಣೇ."

ಅವಳು ಕಾಫಿ ಲೋಟವನ್ನು ಅವನ ಕೈಗಿಟ್ಟು, ಆ ಕೈಯನ್ನು ತನ್ನ ಎರಡೂ ಕೈಗಳಿಂದ ಮುಚ್ಚಿ ಹಿಡಿದಳು. "ಇನ್ನೂ ಹದಿನೈದು ಬೀಜ ಇದಾವೆ," ಎಂದಳು ಕೊನೆಗೆ.

ಎರಡನೆಯ ಸಲ ಇಡೀ ಆಡಳಿತ ಬೀಗದಣ್ಣನ ಕೈಗೆ ಹೋಯಿತು. ಬೀಜಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಹಾಕಿದ. ಬೆಳಿಗ್ಗೆ ನಾಲ್ಕು ತೇಲುತ್ತಿದ್ದವು. ಅವುಗಳನ್ನು ಬಿಟ್ಟು ಮುಳುಗಿದ ಹನ್ನೊಂದನ್ನು ಕಾಲು ಅಂಗುಲ ಆಳದಲ್ಲಿ ಊರಿದ. ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿದ: "ನನ್ನನ್ನು ಬಿಟ್ಟು ಬೇರೆ ಯಾರೂ ನೀರು ಹಾಕಕೂಡದು." ನೀರು ಹಾಕುವುದಕ್ಕೂ, ಬೀಗಕ್ಕೆ ಎಣ್ಣೆ ಬಿಡುವ ಉದ್ದ ಮೂತಿಯ ಸಣ್ಣ ಡಬ್ಬಿಯಂಥದೇ ಹೊಸದೊಂದನ್ನು ಇಟ್ಟುಕೊಂಡ. ಕೂದಲೆಳೆಯಷ್ಟು ಸಣ್ಣ ಧಾರೆ, ಬುಡದ ಸುತ್ತ ಒಂದು ಸುತ್ತು, ಅಷ್ಟೇ.

ಎಂಟು ಮೊಳಕೆ ಬಂದವು. ನಾಲ್ಕೆಲೆ ಆದಾಗ ಅವುಗಳನ್ನು ಬೇರೆ ಬೇರೆ ಕುಂಡಕ್ಕೆ ಹಾಕಬೇಕಿತ್ತು. ಅವನು ಆ ದಿನ ಅಂಗಡಿ ತೆಗೆಯಲೇ ಇಲ್ಲ. ಕಾಂಡ ಹಿಡಿದರೆ ನಲುಗುತ್ತದೆ, ಎಲೆ ಹಿಡಿಯಬೇಕು ಎಂದು ತರಕಾರಿಯವಳು ಹೇಳಿದ್ದಳು. ಕನ್ನಡಕ ಮೂಗಿಗೆ ಏರಿಸಿ, ಕೊಕ್ಕೆಯಿಂದ ಬೇರಿನ ಸುತ್ತಲ ಮಣ್ಣು ಸಡಿಲಿಸಿ, ಒಂದೊಂದೇ ಸಸಿಯನ್ನು ಎತ್ತುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಒಂದು ಸಸಿ ಕುಂಡ ಸೇರಿದ ಮೇಲೆ ಉಸಿರು ಬಿಡುವುದು, ಮತ್ತೊಂದು.

"ನಾನು ಹುಟ್ಟಿದಾಗಲೂ ಅಪ್ಪ ಹೀಗೇ ಹಿಡ್ಕೊಂಡಿದ್ರಾ?" ಮಗಳು ಅಡುಗೆಮನೆಯ ಕಿಟಕಿಯಿಂದ ಕೇಳಿದಳು.

"ನಿನ್ನನ್ನ ಹಿಡ್ಕೊಳ್ಳೋಕೆ ಹೆದರಿ ಎರಡು ದಿನ ಹತ್ತಿರಾನೇ ಬಂದಿರ್ಲಿಲ್ಲ," ಎಂದಳು ಅಮ್ಮ.

ಗಿಡ ಮೊಣಕಾಲಿನ ಎತ್ತರಕ್ಕೆ ಬಂದಾಗ ಎಲೆಗಳು ಮುರುಟಿಕೊಂಡವು. ಅಡಿಯಲ್ಲಿ ಹೇನಿನಂಥ ಹುಳ. ಬೀಗದಣ್ಣ ಸೋಪಿನ ನೀರು ಮಾಡಿ ಒಂದೊಂದು ಎಲೆಯ ಹಿಂಬದಿಯನ್ನೂ ಹತ್ತಿಯಿಂದ ಒರೆಸಿದ. ಮೂರು ವಾರ ಹಾಗೆ ಮಾಡಿದ. ಎರಡು ಗಿಡ ಹೋದವು, ಆರು ಉಳಿದವು. ಬಿಳಿಯ ಹೂವು ತಲೆತಗ್ಗಿಸಿ ಅರಳಿದಾಗ, ಗೋಡೆಗಳ ನಡುವೆ ಗಾಳಿ ಆಡುವುದಿಲ್ಲವೆಂದು ಬೆರಳಿನಿಂದ ಹೂವಿನ ತೊಟ್ಟನ್ನು ಮೆಲ್ಲಗೆ ತಟ್ಟುತ್ತಿದ್ದ. ಅಂಗಡಿಗೆ ಬಂದವರಿಗೆ ಕೀಲಿಯ ಜೊತೆ ಹೂವಿನ ವರದಿಯೂ ಸಿಗುತ್ತಿತ್ತು. ಕೆಲವರು ಕೀಲಿ ಬೇಡವಾದ ದಿನವೂ ನಿಂತು ಕೇಳಿ ಹೋಗುತ್ತಿದ್ದರು.

ಮೊದಲ ಕಾಯಿ ಕೆಂಪಾದದ್ದು ಬಿತ್ತಿದ ನಾಲ್ಕನೆಯ ತಿಂಗಳಿಗೆ. ಕ್ಯಾಂಟೀನಕ್ಕ ಅದನ್ನು ಅರೆದು ಹಾಕೋಣ ಎಂದಳು. ಬೀಗದಣ್ಣ ಕೇಳಲಿಲ್ಲ. ಮೆಟ್ಟಿಲ ಮೇಲೆ ನಿಂತು ಇಡೀ ಕಾಯಿಯನ್ನು ಬಾಯಿಗೆ ಹಾಕಿ ಅಗಿದ.

ಮೊದಲು ಏನೂ ಆಗಲಿಲ್ಲ. ಆಮೇಲೆ ಅವನ ಕಿವಿ ಕೆಂಪಾಯಿತು, ನೆತ್ತಿ ಬೆವರಿತು, ಕಣ್ಣು ಮೂಗು ಎಲ್ಲ ಒಟ್ಟಿಗೆ ಹರಿಯತೊಡಗಿತು. ಒಂದು ಕಾಲ ಮೇಲೆ ಕುಣಿದ. ಮಗಳು ಮೊಸರಿನ ಬಟ್ಟಲು ಹಿಡಿದು ಓಡಿಬಂದಳು. ಅವನು ಬೇಡವೆಂದು ಕೈ ಅಡ್ಡ ಹಿಡಿದ.

"ಇರು, ಇರು! ಬಾಯಿ ಇದೆ ಅಂತ ಇವತ್ತು ಗೊತ್ತಾಯ್ತು. ಈಗ್ಲೇ ಆರಿಸ್ಬೇಡ."

ಅಳುತ್ತಿದ್ದನೋ ನಗುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ. ಅವನಿಗೂ ತಿಳಿದಿರಲಾರದು. ಅಂದಿನಿಂದ ಕ್ಯಾಂಟೀನಕ್ಕನಿಗೆ ಹೊಸ ವಿದ್ಯೆಯೊಂದು ಸಿಕ್ಕಿತು. ವಾಸನೆಯಿಲ್ಲದವನಿಗೆ ಅಡುಗೆ ಮಾಡುವುದು ಹೇಗೆ? ಖಾರದ ಜೊತೆ ತಣ್ಣನೆಯದು, ಮೆತ್ತಗಿನದರ ಜೊತೆ ಕುರುಕಲು, ಹುಳಿಯ ಹಿಂದೆ ಸಿಹಿ. ಹಸಿ ಮೆಣಸಿನಕಾಯಿ ನಾಲಿಗೆಯ ತುದಿಗೆ ಹತ್ತುತ್ತದೆ, ಹಣ್ಣಾದದ್ದು ಗಂಟಲಿಗೆ, ಒಣಗಿಸಿದ್ದು ನಿಧಾನವಾಗಿ ಬಂದು ಬಹಳ ಹೊತ್ತು ನಿಲ್ಲುತ್ತದೆ ಎಂದು ಅವನು ಹೇಳುತ್ತಿದ್ದ, ಅವಳು ಅದಕ್ಕೆ ತಕ್ಕ ಹಾಗೆ ಬೆರೆಸುತ್ತಿದ್ದಳು. ತಾಯಿ ಮಗಳಿಬ್ಬರೂ ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡು ಉಣ್ಣುವುದನ್ನು ಕಲಿತರು.

ಒಂದು ದಿನ ಕ್ಯಾಂಟೀನಕ್ಕ ಕಾರ್ಖಾನೆಯ ಅಡುಗೆಗೆಂದು ಕೊಯ್ದಿಟ್ಟ ಒಂದು ಹಿಡಿ ಕಾಯಿಯನ್ನು ಮನೆಯಲ್ಲೇ ಮರೆತು ಹೋದಳು. ಹನ್ನೊಂದು ಗಂಟೆಗೆ ಬೀಗದಣ್ಣ ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಕಾರ್ಖಾನೆಗೆ ಹೋದ. ಹಿಂಬಾಗಿಲಿನ ಕಾವಲುಗಾರ ಗುರುತಿನವನು, ಒಳಗೆ ಬಿಟ್ಟ. ಅಡುಗೆಮನೆಯಲ್ಲಿ ಮೂರು ದೊಡ್ಡ ಹಂಡೆಗಳು ಒಲೆಯ ಮೇಲಿದ್ದವು. ಕ್ಯಾಂಟೀನಕ್ಕ ಬೆನ್ನು ಹಾಕಿ ನಿಂತು, ಪಾತ್ರೆ ತೊಳೆಯುವ ಹೆಂಗಸಿಗೆ ಏನನ್ನೋ ಹೇಳುತ್ತಿದ್ದಳು.

ಬೀಗದಣ್ಣ ಹೊಸ್ತಿಲಲ್ಲಿ ನಿಂತುಬಿಟ್ಟ.

"ಏನೋ ಸೀಯ್ತಾ ಇದೆ," ಎಂದ.

"ಏನೂ ಸೀಯ್ತಿಲ್ಲ, ಈಗ ತಾನೇ ಕೈಯಾಡಿಸಿದೀನಿ," ಎಂದಳು ಅವಳು ತಿರುಗದೆಯೇ. "ಕಾಯಿ ತಂದ್ರಾ? ಅಲ್ಲಿಡಿ."

"ಇಲ್ಲ ಕಣೇ, ಸೀಯ್ತಾ ಇದೆ. ಬೇಳೆ. ತಳ ಹಿಡೀತಿದೆ."

"ರೀ, ಇಪ್ಪತ್ತು ವರ್ಷದಿಂದ ಈ ಒಲೆ ಮುಂದೆ..." ಎಂದು ಶುರುಮಾಡಿದವಳು ಮಾತು ಅಲ್ಲೇ ನಿಲ್ಲಿಸಿದಳು. ಮೆಲ್ಲಗೆ ತಿರುಗಿದಳು. ಅವನು ಪೊಟ್ಟಣವನ್ನು ಎದೆಗೆ ಒತ್ತಿಕೊಂಡು, ಮೂಗನ್ನು ಮೇಲೆತ್ತಿ, ಕತ್ತಲಲ್ಲಿ ಗೋಡೆ ತಡವುವವನ ಹಾಗೆ ಗಾಳಿಯನ್ನು ಹುಡುಕುತ್ತಿದ್ದ.

"ಏನಂದ್ರಿ?"

"ಬೇಳೆ," ಎಂದ ಅವನು. "ಸೀದ ಬೇಳೆ."

ಅವಳು ಓಡಿಹೋಗಿ ನಡುವಿನ ಹಂಡೆಗೆ ಸೌಟು ಇಳಿಸಿ ಕೆರೆದಳು. ಸೌಟಿನ ತುದಿಗೆ ಕಪ್ಪಗೆ ಹತ್ತಿಕೊಂಡು ಬಂತು. ಆ ಸೌಟನ್ನು ಹಾಗೇ ಎತ್ತಿಕೊಂಡು ಬಂದು ಅವನ ಮೂಗಿನ ಕೆಳಗೆ ಹಿಡಿದಳು. ಅವನು ಮೂಸಿದ. ಮತ್ತೆ ಮೂಸಿದ. ತಲೆಯಾಡಿಸಿದ. ಕ್ಯಾಂಟೀನಕ್ಕ ನೆಲದ ಮೇಲೇ ಕುಳಿತು, ಸೌಟು ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜೋರಾಗಿ ನಗತೊಡಗಿದಳು.

"ಅಕ್ಕಾ, ಒಲೆ ಆರಿಸ್ಲಾ? ಪೂರ್ತಿ ಸೀದುಹೋಗ್ತಿದೆ!" ಪಾತ್ರೆ ತೊಳೆಯುವವಳು ಗಾಬರಿಯಿಂದ ಕೂಗಿದಳು.

"ಒಂದು ನಿಮಿಷ ಇರೇ. ಇವರು ಇನ್ನೊಂದು ಸಲ ಮೂಸ್ಲಿ."

ಅಂದು ನೂರಾ ಎಂಬತ್ತು ಜನ ಸೀದ ಬೇಳೆ ಉಂಡರು. ಮೇಲಿನದನ್ನು ಬೇರೆ ಹಂಡೆಗೆ ಬಗ್ಗಿಸಿ, ಹುಳಿ ಹಿಂಡಿ, ಬೀಗದಣ್ಣನ ಮೆಣಸಿನಕಾಯಿಯನ್ನು ಅಷ್ಟೂ ಹಾಕಿದರೂ ವಾಸನೆ ಮುಚ್ಚಲಿಲ್ಲ. ಕೆಲವರು ಗೊಣಗಿದರು. ಕ್ಯಾಂಟೀನಕ್ಕನ ಅಡುಗೆ ಹೀಗಾಗುವುದುಂಟೇ ಎಂದು ಕೆಲವರು ಮೂಗು ಮುರಿದರು. ಅವಳು ಮಾತ್ರ ಮದುವೆಮನೆಯ ಯಜಮಾನಿಯ ಹಾಗೆ ಸಾಲಿನಿಂದ ಸಾಲಿಗೆ ಹೋಗಿ, "ಇನ್ನೊಂಚೂರು ಹಾಕ್ಲಾ? ಸಂಕೋಚ ಬೇಡ," ಎಂದು ಬಡಿಸುತ್ತಿದ್ದಳು. ಮೇಲ್ವಿಚಾರಕರು ಬಂದು ಕಾರಣ ಕೇಳಿದಾಗ, "ನನ್ನ ಗಂಡನಿಗೆ ವಾಸನೆ ಬಂತು ಸಾರ್," ಎಂದಳು. ಅವರಿಗೂ ಬಂದಿತ್ತು. ಅದರಲ್ಲಿ ಸಂತೋಷಪಡುವುದು ಏನಿದೆ ಎಂದು ತಿಳಿಯದೆ ಹೊರಟುಹೋದರು.

ಅಂದೇ ಎಲ್ಲ ಸರಿಹೋಯಿತು ಎಂದೇನಲ್ಲ. ಸೀದ ವಾಸನೆಯ ಹಿಂದೆ ಹದಿನೈದು ದಿನ ಬೇರೇನೂ ಬರಲಿಲ್ಲ. ಅದೂ ಸುಳ್ಳೇನೋ ಎಂದು ಅವನು ಕಂಗೆಟ್ಟ. ಆಮೇಲೆ ಅಂಗಡಿಯಲ್ಲಿ ಕೀಲಿ ಕೊರೆಯುವಾಗ ಬಿಸಿಯಾದ ಹಿತ್ತಾಳೆ ತಿಳಿಯಿತು. ಬಾಳೆಹಣ್ಣು ಬಂತು, ಆದರೆ ಸೀಮೆಎಣ್ಣೆಯ ವೇಷದಲ್ಲಿ. ಸೋಪು ಬಹಳ ದಿನ ಒದ್ದೆ ರಟ್ಟಿನ ಹಾಗಿತ್ತು. ಡಾಕ್ಟರಮ್ಮ, ಇದೆಲ್ಲ ಒಳ್ಳೆಯ ಲಕ್ಷಣ, ನರದ ತಂತಿಗಳು ಅದಲುಬದಲಾಗಿ ಜೋಡಣೆಯಾಗುತ್ತಿವೆ, ನಿಧಾನವಾಗಿ ಸರಿಹೋಗುತ್ತವೆ ಎಂದರು. ಮೆಣಸಿನ ಗಿಡಕ್ಕೂ ಮೂಗಿಗೂ ಏನಾದರೂ ಸಂಬಂಧ ಇದೆಯೇ ಎಂದು ಕ್ಯಾಂಟೀನಕ್ಕ ಕೇಳಿದಳು. ಇಲ್ಲ ಎಂದು ಡಾಕ್ಟರಮ್ಮ ಹೇಳಿದರು. ಅವಳ ಮುಖ ನೋಡಿ, ಇದ್ದರೂ ಇರಬಹುದು ಎಂದು ಸೇರಿಸಿದರು.

ಒಂದು ಸಂಜೆ ಬೀಗದಣ್ಣ ಮೆಟ್ಟಿಲ ಮೇಲೆ ಕುಳಿತು ಹಣ್ಣಾದ ಕಾಯಿಗಳನ್ನು ಬಿಡಿಸುತ್ತಿದ್ದ. ಅಡುಗೆಮನೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಅವನು ತಿರುಗಿ ನೋಡಲಿಲ್ಲ.

"ಈರುಳ್ಳಿ," ಎಂದ. "ಇವತ್ತು ಬಹಳ ಹೆಚ್ಚಿದ್ದೀಯ."

ಕ್ಯಾಂಟೀನಕ್ಕ ಚೀಲವನ್ನು ನೆಲಕ್ಕಿಟ್ಟು ಅವನ ಪಕ್ಕದಲ್ಲಿ ಕುಳಿತಳು. ಅವಳೂ ಕಾಯಿ ಬಿಡಿಸತೊಡಗಿದಳು.

ಖಾರದ ಚಟ ಮಾತ್ರ ಅವನನ್ನು ಬಿಡಲಿಲ್ಲ. ವಾಸನೆ ಮುಕ್ಕಾಲು ಮರಳಿದ ಮೇಲೂ ತಟ್ಟೆಯ ಅಂಚಿನಲ್ಲಿ ಎರಡು ಕಾಯಿ ಇಲ್ಲದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮರುವರ್ಷ ಅವನು ಒಂದು ನೂರು ಬೀಜ ನೆನೆಹಾಕಿದ. ಇಷ್ಟೊಂದು ಗಿಡ ಎಲ್ಲಿಡುತ್ತೀರಿ ಎಂದು ಹೆಂಡತಿ ಜಗಳ ತೆಗೆದಳು. ಒಗೆಯುವ ಕಲ್ಲಿನ ಮೇಲೆ ಬೇಡ, ಸೈಕಲ್ ಮಾರುವುದೂ ಬೇಡ ಎಂದು ಮಗಳು ನಡುವೆ ಬಂದಳು. ಕೊನೆಗೆ ತರಕಾರಿಯವಳು ತನ್ನ ಗಾಡಿ ನಿಲ್ಲಿಸಿ, ಐವತ್ತು ಸಸಿಯನ್ನು ಎಲೆ ಹಿಡಿದೇ ಎಣಿಸಿ ಎತ್ತಿಕೊಂಡು ಹೋದಳು. ಉಳಿದವು ಬೀದಿಯ ಮನೆಮನೆಗೂ ಒಂದೊಂದು ಹೋದವು. ಕುಂಡ ಕೈಗಿಡುವಾಗ ಬೀಗದಣ್ಣ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ:

"ಮನೇಲಿ ಒಬ್ಬರೇ ನೀರು ಹಾಕಿ. ಯಾರು ಅಂತ ಇವತ್ತೇ ತೀರ್ಮಾನ ಮಾಡ್ಕೊಳಿ."